ಅಪ್‌ಡೇಟ್: ಶ್ರೀನಿವಾಸಪುರ ಕಡೆಯ ನಾಲ್ಕನೇ ಕ್ಲಾಸಿನ ಮಕ್ಕಳು ಈಗ ಓದ್ತಿದ್ದಾರೆ

ಜೂನ್‌ನಲ್ಲಿ ಕೇಳಿದ್ದೆ: ಶನಿವಾರ ಸರ್ಕಾರಿ ಶಾಲೆಗೆ ಓದಿಸಲು ಹೋಗ್ತೀನಿ, ಮಕ್ಕಳಿಗೆ ವರ್ಣಮಾಲೆ ಬಾಯಿಪಾಠ, ಆದರೆ ಒಂದು ವಾಕ್ಯ ಓದಲು ಆಗಲ್ಲ, ಏನು ಮಾಡಲಿ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಮನಸಾರೆ ಧನ್ಯವಾದ.

"ಮನೆಮಾತು ಯಾವುದು?" ಅಂತ ಒಬ್ಬರು ಕೇಳಿದ್ದರಲ್ಲ, ಗಂಟು ಇದ್ದಿದ್ದೇ ಅಲ್ಲಿ. ಕೋಲಾರ ಜಿಲ್ಲೆಯ ಈ ಕಡೆ ಬಹಳ ಮನೆಗಳಲ್ಲಿ ತೆಲುಗು. ಮಗು ಅಕ್ಷರ ಕೂಡಿಸಿ ಓದಿದರೂ ಆ ಪದ ಕಿವಿಗೆ ಹೊಸದು. ಹಾಗಾಗಿ ಈಗ ಮೊದಲು ಕಥೆ ಹೇಳ್ತೀನಿ, ತೆಲುಗಲ್ಲೇ ಮಾತಾಡ್ತೀವಿ, ಆಮೇಲೆ ಅದೇ ಕಥೆ ಕನ್ನಡದಲ್ಲಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನೋ ವೆಬ್‌ಸೈಟ್‌ನಲ್ಲಿ ಒಂದೇ ಕಥೆ ಎರಡೂ ಭಾಷೆಯಲ್ಲಿ ಉಚಿತವಾಗಿ ಸಿಗುತ್ತೆ, ಪ್ರಿಂಟ್ ತೆಗೆಸ್ತೀನಿ.

ಇನ್ನೊಂದು ತೊಡಕು ಒತ್ತಕ್ಷರ. ಕ, ಗ, ಟ, ಡ ಒತ್ತುಗಳು ಮೂಲ ಅಕ್ಷರದ ಹಾಗೇ ಕಾಣುತ್ತವೆ, ಬೇಗ ಹಿಡಿದರು. ತ, ನ, ಮ, ಯ, ರ, ಲ ಒತ್ತುಗಳಿಗೆ ರೂಪವೇ ಬೇರೆ. ಇವುಗಳನ್ನ ಮಾತ್ರ ಬೇರೆ ಮಾಡಿ ಅಮ್ಮ, ಅನ್ನ, ಕತ್ತೆ, ಹಲ್ಲು ಅಂತ ದಿನಬಳಕೆಯ ಪದಗಳಲ್ಲಿ ಕಲಿಸಿದೆ. ನನ್ನ ಪ್ರಕಾರ ಹೆಚ್ಚು ಕೆಲಸ ಮಾಡಿದ್ದು ಇದೇ.

ಹನ್ನೊಂದು ಮಕ್ಕಳಲ್ಲಿ ಏಳು ಜನ ಸಣ್ಣ ಕಥೆ ತಾವೇ ಓದ್ತಾರೆ. ಇಬ್ಬರು ಇನ್ನೂ ಗುಣಿತಾಕ್ಷರದಲ್ಲೇ ಇದ್ದಾರೆ, ಇನ್ನಿಬ್ಬರು ಮಾವಿನ ಸುಗ್ಗಿಗೆ ತೋಟಕ್ಕೆ ಹೋಗಿ ಹಿಂದೆ ಬಿದ್ದರು. ಅವರಿಗಾಗಿ ಬುಧವಾರ ಸಂಜೆಯೂ ಹೋಗ್ತಿದ್ದೀನಿ.

ಹೋದ ವಾರ ಒಬ್ಬ ಹುಡುಗಿ ಬಸ್ಸಿನ ಬೋರ್ಡ್ ನೋಡಿ "ಅಕ್ಕಾ, ಚಿಂತಾಮಣಿ!" ಅಂತ ಕೂಗಿದಳು. ಕಣ್ಣು ತುಂಬಿ ಬಂತು.