ಟಿ440ಪಿಗೆ ಟಿ440ಎಸ್‌ನ ಡಿಸ್‌ಪ್ಲೇ ಹಾಕಿದವರು ಇದ್ದೀರಾ? ಅನುಭವ ಹೇಳಿ

ಸಾಗರದ ಡಿಟಿಪಿ:
ಎಲ್ಲರಿಗೂ ನಮಸ್ಕಾರ. ನನ್ನದು ಥಿಂಕ್‌ಪ್ಯಾಡ್ ಟಿ440ಪಿ ಲ್ಯಾಪ್‌ಟಾಪ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಡಿಸ್‌ಪ್ಲೇ 1366×768, ಟಿಎನ್ (ಪಕ್ಕದಿಂದ ನೋಡಿದರೆ ಬಣ್ಣ ಮಾಸುವ ಅಗ್ಗದ ಬಗೆ). ಬೆಳಗಿಂದ ಸಂಜೆವರೆಗೆ ಕನ್ನಡ ಪುಟ ಕಟ್ಟುವ ಕೆಲಸ. ಪುಸ್ತಕ, ಮದುವೆ ಕಾಗದ, ಕರಪತ್ರ. ಒತ್ತಕ್ಷರಗಳು ಒಂದಕ್ಕೊಂದು ಮೆತ್ತಿಕೊಂಡಂತೆ ಕಾಣುತ್ತವೆ. 'ರಾಷ್ಟ್ರ' ಅಂತ ಟೈಪ್ ಮಾಡಿದರೆ ಕೆಳಗಿನ ಒತ್ತು ಸರಿ ಇದೆಯಾ ಅಂತ ಜೂಮ್ ಮಾಡಿಯೇ ನೋಡಬೇಕು. ತಮ್ಮನ ಟಿ440ಎಸ್‌ನ ಮದರ್‌ಬೋರ್ಡ್ ಹೋಗಿ ಅಟ್ಟ ಸೇರಿದೆ. ಅದರಲ್ಲಿ ಫುಲ್ ಎಚ್‌ಡಿ (1920×1080) ಐಪಿಎಸ್ ಪ್ಯಾನೆಲ್ ಇದೆ, ಯಾವ ಕಡೆಯಿಂದ ನೋಡಿದರೂ ಬಣ್ಣ ಕೆಡದ ಬಗೆ, ಟಚ್ ಇಲ್ಲದ್ದು. ಅದನ್ನು ಬಿಚ್ಚಿ ಇದಕ್ಕೆ ಹಾಕಿದರೆ ನಡೆಯುತ್ತಾ? ಕೇಬಲ್ ಬದಲಿಸಬೇಕಾ? ಹೊಸದಾಗಿ ದುಡ್ಡು ಹಾಕುವ ಸ್ಥಿತಿಯಲ್ಲಿಲ್ಲ.

ಎಕ್ಸ್230 ಬಿಡದವ:
ನೀವು ಹೇಳ್ತಿರೋದು ಏನೂ ಅಲ್ಲ ಮೇಡಂ. ನಾನು ಥಿಂಕ್‌ಪ್ಯಾಡ್ ಎಕ್ಸ್230ಕ್ಕೆ ಫುಲ್ ಎಚ್‌ಡಿ ಹಾಕಿದೀನಿ. 2012ರ ಮಷಿನ್ ಅದು, ಪ್ಯಾನೆಲ್‌ಗೆ ಚಿತ್ರ ಹೋಗೋದು ಹಳೇ ಎಲ್‌ವಿಡಿಎಸ್ ಲೈನ್‌ನಲ್ಲಿ. ಕಂಪನಿಯಿಂದ 768ರ ಮೇಲೆ ಡಿಸ್‌ಪ್ಲೇ ಬಂದೇ ಇಲ್ಲ ಅದಕ್ಕೆ. ಮದರ್‌ಬೋರ್ಡ್‌ನಲ್ಲಿ ಡಾಕ್‌ಗೆ (ಲ್ಯಾಪ್‌ಟಾಪ್ ಕೂರಿಸಿ ಮಾನಿಟರ್, ಕೀಬೋರ್ಡ್ ಸಿಕ್ಕಿಸೋ ಪೀಠ) ಹೋಗೋ ಡಿಸ್‌ಪ್ಲೇಪೋರ್ಟ್ ಲೈನ್ ಇರುತ್ತಲ್ಲ, ಅಲ್ಲಿಂದ ಸಿಗ್ನಲ್ ಕದಿಯೋಕೆ ಒಂದು ಪುಟ್ಟ ಬೋರ್ಡ್ ಬರುತ್ತೆ. ಅದನ್ನ ಬೆಸುಗೆ ಹಾಕಿ, ಎಕ್ಸ್250ರಲ್ಲಿ ಬರ್ತಿದ್ದ 12.5 ಇಂಚಿನ ಐಪಿಎಸ್ ಕೂರಿಸಬೇಕು.

ಖರ್ಚು ಕೇಳಿ. ಬೋರ್ಡು ಬರೋದು ಚೀನಾದಿಂದ. 2020ರ ನವೆಂಬರ್‌ನಲ್ಲಿ ಅಲಿಎಕ್ಸ್‌ಪ್ರೆಸ್ ಬ್ಯಾನ್ ಆಯ್ತಲ್ಲ, ಅದಕ್ಕೇ ಸಿಂಗಪುರದಲ್ಲಿರೋ ಭಾವನಿಗೆ ಹೇಳಿ ತರಿಸಿದೆ, ಊರಿಗೆ ಬರುವಾಗ ಜೇಬಲ್ಲಿಟ್ಟುಕೊಂಡು ಬಂದ್ರು. 2,900 ಬಿತ್ತು. ಪ್ಯಾನೆಲ್ 5,400. ಬೆಸುಗೆಗೆ ಸಣ್ಣ ಮೊನೆಯ ಐರನ್ 1,850. ಬೆಸುಗೆ ಹಿಡಿಯೋಕೆ ಹಚ್ಚೋ ಫ್ಲಕ್ಸ್ 240. ಬಿಸಿ ತಡೆಯೋ ಕ್ಯಾಪ್ಟಾನ್ ಟೇಪ್ 110. ಭೂತಗನ್ನಡಿ ನಮ್ಮಪ್ಪಂದು, ಪಂಚಾಂಗ ಓದೋಕೆ ಇಟ್ಟಿದ್ದು. ಒಟ್ಟು ಹತ್ತು ಸಾವಿರದ ಐನೂರು. ಮಷಿನ್ ತಗೊಂಡಿದ್ದು ಒಂಬತ್ತು ಸಾವಿರಕ್ಕೆ. ನಗೋರು ನಗಲಿ. ಇವತ್ತಿಗೂ ಆ ಕೀಬೋರ್ಡ್ ಮುಟ್ಟಿದರೆ ಸಿಗೋ ಸುಖ ಈಗಿನ ಲಕ್ಷ ರೂಪಾಯಿ ಲ್ಯಾಪ್‌ಟಾಪ್‌ನಲ್ಲಿ ಇಲ್ಲ.

ಒಂದೇ ಕಿರಿಕಿರಿ: ವಿಂಡೋಸ್ ಇದನ್ನ ಹೊರಗಿನ ಮಾನಿಟರ್ ಅಂತಲೇ ತಿಳ್ಕೊಳ್ಳುತ್ತೆ. ಡಾಕ್‌ನ ಒಂದು ಪೋರ್ಟೂ ಹೋಗುತ್ತೆ. ಡಾಕ್ ಯಾರಿಗೆ ಬೇಕು ಬಿಡಿ.

ಸುಟ್ಟುಕೊಂಡ ಕೈ:
ಮೇಲಿನವರು ಹಬ್ಬ ಮಾಡ್ತಿದ್ದಾರೆ, ನನ್ನ ಕಥೆ ಓದಿ ಆಮೇಲೆ ಸ್ಕ್ರೂಡ್ರೈವರ್ ಹಿಡೀರಿ. ನಂದು 15.6 ಇಂಚಿನ ಮಾಮೂಲಿ ಲ್ಯಾಪ್‌ಟಾಪ್, ಎಚ್‌ಡಿ. ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಅಂಗಡಿಯವನು "30 ಪಿನ್‌ಗೆ 30 ಪಿನ್, ಫುಲ್ ಎಚ್‌ಡಿ ಕಣ್ಣುಮುಚ್ಚಿ ಹಾಕಿ ಸಾರ್" ಅಂದ. 4,600 ಕೊಟ್ಟೆ. ಮನೆಗೆ ಬಂದು ಹಾಕಿದರೆ ಬ್ಯಾಕ್‌ಲೈಟ್ ಮಾತ್ರ ಬರುತ್ತೆ, ಚಿತ್ರ ಇಲ್ಲ. ವಾಪಸ್ ಹೋದೆ. ಕೇಬಲ್ ಬದಲಿಸಬೇಕು ಅಂದ, ಕೇಬಲ್ 950. ಆ ಕೇಬಲ್ ಹಾಕೋಕೆ ಹಿಂಜ್ ಬಿಚ್ಚಬೇಕು. ಹಿಂಜಿನ ಪ್ಲಾಸ್ಟಿಕ್ ಬುಡ ಕಿತ್ತುಬಂತು. ಅದಕ್ಕೆ ಅಂಟು, ಕ್ಲಾಂಪು, 180. ಚಿತ್ರ ಬಂತು ಅಂತ ಖುಷಿಪಟ್ಟು ಬೆಜಲ್ (ಸುತ್ತಿನ ಪ್ಲಾಸ್ಟಿಕ್ ಚೌಕಟ್ಟು) ಒತ್ತಿದರೆ ಕೂರಲ್ಲ! ನನ್ನ ಹಳೇ ಪ್ಯಾನೆಲ್ಲಿಗೆ ಎರಡೂ ಕಡೆ ಸ್ಕ್ರೂ ಹಾಕೋ ಕಿವಿ ಇದ್ದವು, ಅಗಲ 360 ಮಿಲಿಮೀಟರ್. ಅವನು ಕೊಟ್ಟಿದ್ದು ಕಿವಿ ಇಲ್ಲದ 350ರದ್ದು. ಸ್ಕ್ರೂ ಹಾಕೋಕೆ ಜಾಗವೇ ಇಲ್ಲ. ಡಬಲ್ ಸೈಡ್ ಟೇಪ್ ಹಾಕಿ ನಿಲ್ಲಿಸಿದೆ. ಬೇಸಿಗೆಯಲ್ಲಿ ಟೇಪ್ ಬಿಟ್ಟು ಪ್ಯಾನೆಲ್ ಜಾರಿ ಎಡಮೂಲೆ ಒಡೀತು. ಬೆಜಲ್ ಬೇರೆ 700.

ಬದಲಾಯಿಸಿಕೊಡು ಅಂದ್ರೆ "ಮೇಲಿನ ಪ್ಲಾಸ್ಟಿಕ್ ಫಿಲ್ಮ್ ಕಿತ್ತಿದೀರ, ವಾಪಸ್ ಇಲ್ಲ." ಫಿಲ್ಮ್ ಕೀಳದೆ ನೋಡೋದು ಹೇಗ್ರೀ?

ಲೇನ್ ಲೆಕ್ಕಿಗ:
@ಸುಟ್ಟುಕೊಂಡ ಕೈ, ಪಿನ್ ಎಣಿಸಿ ಡಿಸ್‌ಪ್ಲೇ ತಗೊಳ್ಳೋದು ಅಂದ್ರೆ ಬಟನ್ ಎಣಿಸಿ ಅಂಗಿ ತಗೊಂಡ ಹಾಗೆ. ಕನೆಕ್ಟರಿನಲ್ಲಿ 30 ಪಿನ್ ಇದ್ದರೂ ಕೇಬಲ್ಲಿನಲ್ಲಿ ಅಷ್ಟೂ ತಂತಿ ಇರಬೇಕೆಂದಿಲ್ಲ. ಇಡಿಪಿ ಅಂದ್ರೆ ಬೋರ್ಡಿನಿಂದ ಪ್ಯಾನೆಲ್ಲಿಗೆ ಚಿತ್ರ ಸಾಗಿಸೋ ಲೈನು; ಅದರ ಒಂದು ಲೇನ್‌ನಲ್ಲಿ (ಒಂದು ಜೊತೆ ತಂತಿ) ಸೆಕೆಂಡಿಗೆ 2.7 ಗಿಗಾಬಿಟ್; ಎನ್‌ಕೋಡಿಂಗ್‌ಗೆ ಹೋಗೋದು ಕಳೆದರೆ ಕೈಗೆ ಸಿಗೋದು 2.16. 768ರ ಪ್ಯಾನೆಲ್ಲಿಗೆ 1.4ರ ಹತ್ತಿರ ಸಾಕು, ಅದಕ್ಕೇ ಅಗ್ಗದ ಮಾಡೆಲ್‌ಗಳ ಎಚ್‌ಡಿ ಕೇಬಲ್‌ನಲ್ಲಿ ಒಂದೇ ಲೇನ್ ಎಳೆದಿರ್ತಾರೆ. 1080ಕ್ಕೆ 60 ಹರ್ಟ್ಜ್‌ನಲ್ಲಿ, 6 ಬಿಟ್ ಬಣ್ಣಕ್ಕೇ 2.6 ದಾಟುತ್ತೆ. ಎರಡು ಲೇನ್ ಇಲ್ಲದೆ ಚಿತ್ರ ಬರೋದಾದರೂ ಎಲ್ಲಿಂದ? ಇದು ಅಂಗಡಿಯವನ ತಪ್ಪಲ್ಲ, ಫಿಸಿಕ್ಸು.

ಸುಟ್ಟುಕೊಂಡ ಕೈ:
ಫಿಸಿಕ್ಸ್ ಗೊತ್ತಿದ್ದರೆ ನಾನೇ ಅಂಗಡಿ ಇಡ್ತಿದ್ದೆ ಸ್ವಾಮಿ. 4,600 ಇಸ್ಕೊಂಡವನಿಗೆ ಗೊತ್ತಿರಬೇಕೋ ಬೇಡವೋ? 350-360 ಕೂಡ ಫಿಸಿಕ್ಸಾ? ಟೇಪು ಇಟ್ಟು ಅಳೆದರೆ ಸಾಕಲ್ಲ.

ಹುಬ್ಬಳ್ಳಿ ರಿಪೇರಿ:
ನಾ ಅಂಗಡಿಯಾಂವಾನ ಅದೇನ್ರಿ, ಹೇಳ್ತೇನಿ ಕೇಳ್ರಿ. ಆನ್‌ಲೈನ್‌ದಾಗ ಪ್ಯಾನೆಲ್ ತರಿಸ್ಕೊಂಡು ಬಂದು "ಬರೇ ಹಾಕಿ ಕೊಡ್ರಿ" ಅಂತೀರಿ. ಲೇಬರ್ 600 ಅಂದ್ರ ಮುಖಾ ಗಂಟ ಹಾಕ್ತೀರಿ. ಪ್ಯಾನೆಲ್ ಬಿರುಕ ಬಿಟ್ಟಿದ್ದರ ಅದೂ ನಮ್ಮ ತಲಿಮ್ಯಾಲೆ. ಈಗ ನಾ ಮೊದಲ ಗಿರಾಕಿ ಮುಂದ ಟೇಬಲ್ ಮ್ಯಾಲೆ ಪ್ಯಾನೆಲ್ ಬರೇ ಕೇಬಲ್ಲಿಗೆ ಹಚ್ಚಿ, ಕೆಂಪು, ಹಸರು, ನೀಲಿ, ಬಿಳಿ, ಕರಿ ಎಲ್ಲಾ ಬಣ್ಣಾ ತೋರಿಸಿ, ವಿಡಿಯೋ ತಗೊಂಡು, ಆಮೇಲೆ ಫಿಲ್ಮ್ ಕೀಳೂದು.

ಇನ್ನೊಂದು. ಬ್ಯಾಟರಿ ತಗೀದನ ಕೇಬಲ್ ಹಚ್ಚೂ ಮಂದಿ ಭಾಳ. ಕನೆಕ್ಟರ್ ಸ್ವಲ್ಪ ವಾರಿ ಕುಂತ್ರ ಬ್ಯಾಕ್‌ಲೈಟ್ ಫ್ಯೂಜ್ ಟುಸ್. ಬೋರ್ಡಿನ ಮ್ಯಾಲೆ ಸಾಸಿವಿಕಾಳಿಗಿಂತ ಸಣ್ಣ ಫ್ಯೂಜದು. ಟಾರ್ಚ್ ಹಿಡದು ನೋಡಿದ್ರ ಒಳಗ ಚಿತ್ರ ಕಾಣತೈತಿ, ಬೆಳಕಿಲ್ಲ. ಆಮೇಲೆ "ಪ್ಯಾನೆಲ್ ಡೂಪ್ಲಿಕೇಟ್ ಐತಿ" ಅಂತ ಜಗಳಕ್ಕ ಬರ್ತೀರಿ. 440ಪಿದಾಗ ಬ್ಯಾಟರಿ ಹಿಂದ ಜಗ್ಗಿದ್ರ ಬರತೈತಿ, ಚಿಂತಿಲ್ಲ. 440ಎಸ್‌ದಾಗ ಹೊರಗೊಂದು, ಒಳಗೊಂದು, ಎರಡ ಇರ್ತಾವ. ಒಳಗಿಂದು ಮರೀಬ್ಯಾಡ್ರಿ.

ಎಕ್ಸ್230 ಬಿಡದವ:
600 ಲೇಬರ್ ಜಾಸ್ತಿನೇ ಅಲ್ವಾ ಸಾರ್, ನಾಲ್ಕು ಸ್ಕ್ರೂಗೆ?

ಹುಬ್ಬಳ್ಳಿ ರಿಪೇರಿ:
ನಾಲ್ಕ ಸ್ಕ್ರೂ ಅಂದ್ರ ನೀವ ಬಿಚ್ಚರೆಲ್ಲ, ನಮ್ಮ ಕಡೆ ಯಾಕ ಬರ್ತೀರಿ? ಫ್ಲಕ್ಸ್ ನೀವ 240ಕ್ಕ ತಗೊಂಡೀರಿ, ನಾ 90ಕ್ಕ ತಗೊಂತೇನಿ. ಯಾರಿಗೆ ಯಾರು ಟೋಪಿ ಹಾಕ್ಯಾರ ನೋಡ್ಕೋರಿ.

ಎಕ್ಸ್230 ಬಿಡದವ:
ನಾನು ತಗೊಂಡಿದ್ದು ಒರಿಜಿನಲ್ ಫ್ಲಕ್ಸು. 90ರದ್ದು ಹಚ್ಚಿದ ಬೋರ್ಡುಗಳು ಹಸಿರು ಹಿಡಿದು ನನ್ನ ಹತ್ತಿರ ಬಂದಿವೆ.

ಕುಡ್ಲದ ಭಟ್ರು:
ಎಂತದು ಮಾರಾಯ್ರೆ ಈ ರಗಳೆ! ಆ 440ಪಿಯಲ್ಲಿ ವಿಜಿಎ ಉಂಟು, ಮಿನಿ ಡಿಸ್‌ಪ್ಲೇಪೋರ್ಟ್ ಉಂಟು. ಹಳೆಯ 22 ಇಂಚಿನ ಮಾನಿಟರ್ ಒಂದು ತಂದು ಸಿಕ್ಕಿಸಿದರೆ ಆಯ್ತಲ್ಲ. ನಾನು 3,200ಕ್ಕೆ ತಕೊಂಡದ್ದು, ಆಫೀಸು ಖಾಲಿ ಮಾಡುವವರಿಂದ. ಇಷ್ಟು ವರ್ಷ ಆಯ್ತು, ಒಂದು ಚುಕ್ಕೆ ಸಾಯಲಿಲ್ಲ. 14 ಇಂಚಿನಲ್ಲಿ 1080 ಹಾಕಿದರೆ ಅಕ್ಷರ ಇರುವೆ ಗಾತ್ರ ಆಗ್ತದೆ, ಮತ್ತೆ ಕಣ್ಣಿನ ಡಾಕ್ಟರ್ ಖರ್ಚು ಬೇರೆ.

ಸಾಗರದ ಡಿಟಿಪಿ:
ಭಟ್ರೆ, ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಲೈನ್‌ಮನ್‌ಗೂ ಗೊತ್ತಿರಲ್ಲ. ಮಾನಿಟರ್ ಇಟ್ಟುಕೊಂಡು ಕೂರೋಕೆ ಆಗಲ್ಲ. ಬ್ಯಾಟರಿಯಲ್ಲೇ ಕೆಲಸ ಆಗಬೇಕು. 440ಎಸ್ ಪ್ಯಾನೆಲ್ ಬಗ್ಗೆ ಯಾರಾದರೂ ಹೇಳ್ತೀರಾ?

ಕುಡ್ಲದ ಭಟ್ರು:
ಹಾಗಾದ್ರೆ ಯುಪಿಎಸ್ ಹಾಕಿ.

ಮೈಸೂರು ಐಪಿಎಸ್:
ಐಪಿಎಸ್ ಅಂದ ತಕ್ಷಣ ಎಲ್ಲಾ ಒಂದೇ ಅಂದುಕೊಳ್ಳಬೇಡಿ. ನಾನು 14 ಇಂಚಿಗೆ ತೆಗೆದುಕೊಂಡ ಮೊದಲನೇ ಪ್ಯಾನೆಲ್ 45 ಪರ್ಸೆಂಟ್ ಎನ್‌ಟಿಎಸ್‌ಸಿ (ಎಷ್ಟು ಬಣ್ಣ ತೋರಿಸುತ್ತದೆ ಅನ್ನುವ ಅಳತೆ). ಕುಂಕುಮ ಇಟ್ಟಿಗೆ ಬಣ್ಣಕ್ಕೆ ಕಾಣುತ್ತಿತ್ತು. ನನ್ನ ಹೆಂಡತಿ ಸೀರೆ ಫೋಟೋ ಹಾಕಿ ಮಾರುತ್ತಾಳೆ. ಗಿರಾಕಿಗಳು "ಬಣ್ಣ ಬೇರೆ ಬಂದಿದೆ" ಅಂತ ವಾಪಸ್ ಕಳಿಸಿದ ಕೊರಿಯರ್ ಖರ್ಚೇ 1,340. ಅದನ್ನು ನಷ್ಟಕ್ಕೆ ಮಾರಿ 72 ಪರ್ಸೆಂಟ್‌ದು ಹಾಕಿದೆ, 7,800. ಬಣ್ಣ ಸೊಗಸಾಗಿದೆ. ಆದರೆ ಬ್ರೈಟ್‌ನೆಸ್ ಕಡಿಮೆ ಮಾಡಿದರೆ ಮಿಣುಕುತ್ತದೆ, ಪಿಡಬ್ಲ್ಯುಎಂ (ಬೆಳಕನ್ನು ಬೇಗ ಬೇಗ ಆರಿಸಿ ಹೊತ್ತಿಸಿ ಮಂಕು ಮಾಡುವುದು). ಸಂಜೆ ಹೊತ್ತಿಗೆ ಹುಬ್ಬಿನ ಮೇಲೆ ನೋವು ಶುರು. ಫೋನ್ ಕ್ಯಾಮೆರಾ ಹಿಡಿದರೆ ಪಟ್ಟೆ ಪಟ್ಟೆ ಕಾಣುತ್ತದೆ. ಈಗ ಬ್ರೈಟ್‌ನೆಸ್ ಪೂರ್ತಿ ಇಟ್ಟು, ಸಾಫ್ಟ್‌ವೇರ್‌ನಲ್ಲಿ ಮಂಕು ಮಾಡಿಕೊಂಡು ನಡೆಸುತ್ತಿದ್ದೇನೆ.

ಜೊತೆಗೆ ಅಂಗಡಿಯವರ "ಎ ಪ್ಲಸ್ ಗ್ರೇಡ್" ನಂಬಬೇಡಿ. ಹೊಸದು ಅಂತ ಕೊಡುವುದು ಎಷ್ಟೋ ಸಲ ಬೇರೆ ಲ್ಯಾಪ್‌ಟಾಪ್‌ನಿಂದ ಬಿಚ್ಚಿದ್ದು. ಹಿಂದೆ ತಗಡಿನ ಮೇಲೆ ಹಳೇ ಟೇಪಿನ ಅಂಟು ಇದೆಯಾ, ಕಿವಿಯ ತೂತಿನ ಸುತ್ತ ಸ್ಕ್ರೂ ಉಜ್ಜಿದ ಗುರುತು ಇದೆಯಾ ನೋಡಿ.

ಹುಬ್ಬಳ್ಳಿ ರಿಪೇರಿ:
ಬಿಚ್ಚಿದ್ದು ಅಂದ್ರ ಕೆಟ್ಟದ್ದು ಅಲ್ರಿ. ಲೀಸ್ ಮುಗದ ಕಂಪನಿ ಲ್ಯಾಪ್‌ಟಾಪ್‌ದ ಒರಿಜಿನಲ್ ಪ್ಯಾನೆಲ್ ಹೊಸಾ ಡೂಪ್ಲಿಕೇಟಿಗಿಂತ ಹತ್ತಪಟ್ಟು ಛಲೋ. ಬಿಚ್ಚಿದ್ದು ಅಂತ ಹೇಳಿ ಮಾರಬೇಕು, ಅಷ್ಟ.

ಸುಟ್ಟುಕೊಂಡ ಕೈ:
ಹೇಳಿ ಮಾರೋನು ಯಾರಿದಾನೆ? ತೋರಿಸಿ.

ಹುಬ್ಬಳ್ಳಿ ರಿಪೇರಿ:
ನಾ ಅದೇನಿ. ಬರ್ರಿ ಹುಬ್ಬಳ್ಳಿಗೆ.

ಲೇನ್ ಲೆಕ್ಕಿಗ:
ಪ್ರಶ್ನೆ ಕೇಳಿದವರಿಗೆ ಯಾರೂ ಉತ್ತರ ಕೊಟ್ಟಿಲ್ಲ. 440ಪಿ, 440ಎಸ್ ಎರಡೂ 14 ಇಂಚು, ಎರಡೂ 30 ಪಿನ್ ಇಡಿಪಿ. 440ಪಿಗೆ ಕಂಪನಿಯೇ ಫುಲ್ ಎಚ್‌ಡಿ ಐಪಿಎಸ್ ಹಾಕಿ ಮಾರಿದೆ, ಹಳೇ ಎಚ್‌ಡಿ ಕೇಬಲ್ಲೇ ಸಾಕು. ಎಲ್‌ಜಿಯ ಎಲ್‌ಪಿ140ಡಬ್ಲ್ಯುಎಫ್3-ಎಸ್‌ಪಿಡಿ1 ಎರಡಕ್ಕೂ ಆಗುತ್ತೆ. ತಮ್ಮನ ಪ್ಯಾನೆಲ್ ಹಿಂದಿನ ಸ್ಟಿಕರ್ ಓದಿ, ಕಿವಿಯ ಜಾಗ ತಾಳೆ ನೋಡಿ, ಬೆಜಲ್ ಹಾಕುವ ಮುಂಚೆ ಆನ್ ಮಾಡಿ. ಎಕ್ಸ್230 ಬೆಸುಗೆ ಪುರಾಣ, ಸೀರೆ ಕೊರಿಯರ್ ಯಾವುದೂ ಬೇಕಿಲ್ಲ.

ಎಕ್ಸ್230 ಬಿಡದವ:
ಪುರಾಣವಾ? ಕೇಬಲ್ ಸಿಕ್ಕಿಸೋದು ನಮ್ಮ ಪಕ್ಕದ ಮನೆ ಹುಡುಗನೂ ಮಾಡ್ತಾನೆ. ಅಷ್ಟಕ್ಕೂ ಡಿಸ್‌ಪ್ಲೇ ಚೆನ್ನಾಗಿ ಮಾಡಿಕೊಂಡು 440ಪಿಯ ಆ ದರಿದ್ರ ಟಚ್‌ಪ್ಯಾಡ್ ಏನು ಮಾಡ್ತೀರಿ? 2013ರಲ್ಲಿ ಬಟನ್‌ಗಳನ್ನೇ ಕಿತ್ತು ಎಸೆದ್ರು. ಇಡೀ ಹಲಗೆ ಟಕ್ ಅಂತ ಒಳಗೆ ಹೋಗುತ್ತೆ. ಬೈಸಿಕೊಂಡು 2015ರ ಟಿ450ಯಲ್ಲಿ ವಾಪಸ್ ತಂದ್ರು.

ಲೇನ್ ಲೆಕ್ಕಿಗ:
450ಯ ಮೂರು ಬಟನ್ನಿನ ಟಚ್‌ಪ್ಯಾಡ್ 440ಪಿಗೆ ಹಾಕಬಹುದು. ನಾನೇ ಹಾಕಿದ್ದೇನೆ, 1,450. ಪಾಮ್‌ರೆಸ್ಟ್ ಇಡೀ ಬಿಚ್ಚಬೇಕು. ವಿಂಡೋಸಿನಲ್ಲಿ ಡ್ರೈವರ್ ಜೊತೆ ಗುದ್ದಾಟ, ಲಿನಕ್ಸಿನಲ್ಲಿ ತೊಂದರೆ ಇಲ್ಲ.

ಎಕ್ಸ್230 ಬಿಡದವ:
ಅಂದರೆ ಕಂಪನಿ ಕೆಡಿಸಿದ್ದನ್ನ 1,450 ಕೊಟ್ಟು ಸರಿಮಾಡಿಕೊಂಡ್ರಿ. ನನಗೆ ಆ ಖರ್ಚೇ ಇಲ್ಲ.

ಲೇನ್ ಲೆಕ್ಕಿಗ:
ಹತ್ತೂವರೆ ಸಾವಿರ ಸುರಿದವರು ಖರ್ಚಿನ ಮಾತು ಆಡಬಾರದು.

ಮೈಸೂರು ಐಪಿಎಸ್:
ಟಚ್‌ಪ್ಯಾಡ್ ಯಾಕೆ ಬೇಕು, ಕೀಬೋರ್ಡ್ ಮಧ್ಯದಲ್ಲಿ ಕರ್ಸರ್ ಓಡಿಸುವ ಕೆಂಪು ಗುಂಡಿ ಇಲ್ಲವೇ? ಎಂಟು ವರ್ಷದಿಂದ ನನ್ನ ಟಚ್‌ಪ್ಯಾಡ್ ಬಯಾಸ್‌ನಲ್ಲೇ ಆಫ್ ಇದೆ.

ಕುಡ್ಲದ ಭಟ್ರು:
ಆ ಕೆಂಪು ಗುಂಡಿಯಲ್ಲಿ ಒಂದು ಗೆರೆ ನೆಟ್ಟಗೆ ಎಳೆದು ತೋರಿಸಿ ನೋಡುವ. 250 ರೂಪಾಯಿಗೆ ಮೌಸ್ ಬರ್ತದೆ.

ಸಾಗರದ ಡಿಟಿಪಿ:
@ಲೇನ್ ಲೆಕ್ಕಿಗ, ಧನ್ಯವಾದ. ಅಟ್ಟದಿಂದ ಇಳಿಸಿ ಸ್ಟಿಕರ್ ನೋಡಿದೆ, ನೀವು ಹೇಳಿದ ನಂಬರೇ ಇದೆ. ಒಳಗಿನ ಬ್ಯಾಟರಿ ಸ್ವಲ್ಪ ಉಬ್ಬಿದಂತಿದೆ, ಅದನ್ನು ಮುಟ್ಟಬಹುದಾ?

ಹುಬ್ಬಳ್ಳಿ ರಿಪೇರಿ:
ಅಕ್ಕಾರ, ಉಬ್ಬಿದ್ದರ ಚಾರ್ಜ್ ಹಚ್ಚಬ್ಯಾಡ್ರಿ, ಕಬ್ಬಿಣದ ಮೊನಿ ಹಾಕಿ ಮೀಟಬ್ಯಾಡ್ರಿ. ಸಾಗರದಾಗ ರಿಪೇರಿಯವರು ಯಾರರ ಇದ್ರ ಅವರ ಕಡೆ ತಗಸ್ರಿ. ಲೇಬರ್ ಎಷ್ಟ್ ತಗೊಂಡ್ರು ಅಂತ ಇಲ್ಲಿ ಬರೀರಿ, ಎಕ್ಸ್230 ಸಾಹೇಬ್ರು ಓದ್ಲಿ.

ಎಕ್ಸ್230 ಬಿಡದವ:
ಓದ್ತೀನಿ. 300ರ ಮೇಲೆ ತಗೊಂಡರೆ ನಾನೇ ಬಂದು ಬಿಚ್ಚಿಕೊಡ್ತೀನಿ.

ಸುಟ್ಟುಕೊಂಡ ಕೈ:
ಬೆಂಗಳೂರಿನಿಂದ ಸಾಗರಕ್ಕೆ ಬಸ್ ಚಾರ್ಜ್ ಎಷ್ಟು ಅಂತ ಗೊತ್ತಾ ಸ್ವಾಮಿ?