ಚರ್ಮದ ಸೋಂಕಿಗೆ ಡ್ರಿಪ್‌ನಲ್ಲಿ ಆಂಟಿಬಯಾಟಿಕ್: ಡಾಕ್ಟರ್ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಇವತ್ತು ನಮ್ಮ ಬೆಂಗಳೂರು ಆರೋಗ್ಯ ಗುಂಪಿಗೆ ಮೇಡಂ ಬಂದಿದ್ದಾರೆ. ಜನರಲ್ ಮೆಡಿಸಿನ್ ಡಾಕ್ಟರ್. ಸೆಲ್ಯುಲೈಟಿಸ್ (ಚರ್ಮ ಮತ್ತು ಅದರ ಕೆಳಗೆ ಹರಡುವ ಸೋಂಕು), ಕೀವು, ಕುರು, ಡ್ರಿಪ್ ಬಗ್ಗೆ ಕೇಳಿ. ಆಸ್ಪತ್ರೆ ಹೆಸರು ಬರೆಯಬೇಡಿ. ಫಾರ್ವರ್ಡ್ ಬೇಡವೇ ಬೇಡ.

ಸುಮನಾ, ಕೆಂಗೇರಿ: ನಮಸ್ಕಾರ ಮೇಡಂ. ನಮ್ಮ ಮಾವನವರಿಗೆ 64 ವರ್ಷ, ಶುಗರ್ ಇದೆ. ಕಾಲಿಗೆ ಸೆಲ್ಯುಲೈಟಿಸ್ ಆಗಿ ಅಡ್ಮಿಟ್ ಮಾಡಿದ್ದೇವೆ. ಕೀವಿನ ಕಲ್ಚರ್‌ನಲ್ಲಿ ಎಂಆರ್‌ಎಸ್‌ಎ (ಮಾಮೂಲಿ ಆಂಟಿಬಯಾಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ) ಬಂತು ಅಂತ ವ್ಯಾಂಕೊಮೈಸಿನ್ ಅನ್ನೋ ಆಂಟಿಬಯಾಟಿಕ್ ಶುರು ಮಾಡಿದರು. ನಿನ್ನೆ ಡ್ರಿಪ್ ಹೋಗುತ್ತಿರುವಾಗಲೇ ಮುಖ, ಕತ್ತು, ಎದೆ ಕೆಂಪಾಗಿ ತುರಿಕೆ ಶುರುವಾಯಿತು. ಸಿಸ್ಟರ್ ನಿಲ್ಲಿಸಿದರು. ಇದು ಅಲರ್ಜೀನಾ? ಇನ್ನು ಈ ಔಷಧಿ ಯಾವತ್ತೂ ಕೊಡಬಾರದಾ?

ಡಾಕ್ಟರ್: ಮೊದಲು ಇದು ಹೇಳಿ. ಮಧ್ಯೆ ಯಾರಾದರೂ ಡ್ರಿಪ್‌ನ ಚಕ್ರ ತಿರುಗಿಸಿದರಾ?

ಸುಮನಾ: ಊಟದ ಹೊತ್ತಾಯಿತು ಅಂತ ಚಿಕ್ಕಪ್ಪ ಸ್ವಲ್ಪ ಜೋರು ಮಾಡಿದ್ದರಂತೆ.

ಡಾಕ್ಟರ್: ಹಾಗಾದರೆ ಅದೇ ಕಾರಣ ಇರಬೇಕು. ವ್ಯಾಂಕೊಮೈಸಿನ್ ಬೇಗ ಒಳಗೆ ಹೋದರೆ ಮೈಯಲ್ಲಿ ಹಿಸ್ಟಮಿನ್ ಅನ್ನೋ ರಾಸಾಯನಿಕ ಒಟ್ಟಿಗೆ ಬಿಡುಗಡೆಯಾಗುತ್ತೆ. ಮುಖ, ಕತ್ತು ಕೆಂಪಾಗೋದು, ತುರಿಕೆ, ಕೆಲವರಿಗೆ ಬಿಪಿ ಇಳಿಯೋದು ಎಲ್ಲ ಅದರಿಂದ. ಇದು ನಿಜವಾದ ಅಲರ್ಜಿ ಅಲ್ಲ. ನಿಮಿಷಕ್ಕೆ 10 ಮಿಲಿಗ್ರಾಂ ಮೀರಬಾರದು. ಅಂದರೆ 1 ಗ್ರಾಂ ಹೋಗಲು 100 ನಿಮಿಷ. ಊಟ ಕಾಯಲಿ. ಸಾಮಾನ್ಯವಾಗಿ ತುರಿಕೆ ಇಳಿದ ಮೇಲೆ ಇನ್ನೂ ನಿಧಾನವಾಗಿ ಮತ್ತೆ ಕೊಡಬಹುದು. ಅದನ್ನು ವಾರ್ಡ್ ಡಾಕ್ಟರ್ ನೋಡಿ ತೀರ್ಮಾನಿಸಬೇಕು. ತುಟಿ ಊದಿತ್ತಾ, ಉಸಿರಿನಲ್ಲಿ ಸುಯ್ ಸದ್ದು ಬಂತಾ, ಗಂಟಲು ಬಿಗಿಯಿತಾ ಅಂತಲೂ ಅವರಿಗೆ ಹೇಳಿ. ಅವು ಇದ್ದರೆ ಮಾತೇ ಬೇರೆ. ಆಗ ತಕ್ಷಣ ಅಡ್ರಿನಲಿನ್ (ತೀವ್ರ ಅಲರ್ಜಿಗೆ ಕೊಡುವ ತುರ್ತು ಇಂಜೆಕ್ಷನ್) ಬೇಕು, ಆ ಔಷಧಿ ಮತ್ತೆ ಮುಟ್ಟಬಾರದು. ಕೇಸ್ ಶೀಟ್‌ನಲ್ಲಿ ನಡೆದದ್ದನ್ನು ನಡೆದ ಹಾಗೇ ಬರೆಸಿ. ಬರೀ 'ಅಲರ್ಜಿ' ಅಂತ ಬರೆದುಬಿಟ್ಟರೆ, ಎಂಆರ್‌ಎಸ್‌ಎಗೆ ಇರುವ ಒಂದು ಒಳ್ಳೆ ಔಷಧಿ ಸುಮ್ನೆ ಕೈತಪ್ಪುತ್ತೆ.

ಇನ್ನೊಂದು ವಿಷಯ. ಇದು ಕಿಡ್ನಿಗೆ ಪೆಟ್ಟು ಕೊಡಬಹುದು. ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತದ ಟೆಸ್ಟ್) ಮತ್ತು ರಕ್ತದಲ್ಲಿ ಔಷಧಿ ಎಷ್ಟಿದೆ ಅನ್ನೋ ಟೆಸ್ಟ್ ಆಗುತ್ತಿದೆಯಾ ಕೇಳಿ. ನೋವು ಅಂತ ಹೊರಗಿನಿಂದ ಡೈಕ್ಲೋಫೆನಾಕ್ ತಂದು ಕೊಡಬೇಡಿ.

ರಾಘು, ಬನಶಂಕರಿ: ವ್ಯಾಂಕೊಮೈಸಿನ್ ಕ್ಯಾಪ್ಸೂಲ್ ಸಿಗುತ್ತಲ್ವಾ ಮೇಡಂ? ಚುಚ್ಚೋದೇ ಬೇಡ.

ಡಾಕ್ಟರ್: ನುಂಗಿದರೆ ರಕ್ತಕ್ಕೆ ಸೇರೋದು ತೀರಾ ಕಡಿಮೆ. ಕರುಳಿನ ಒಂದು ಸೋಂಕಿಗೆ ಅದು. ಕಾಲಿಗೆ ಪ್ರಯೋಜನ ಇಲ್ಲ.

ಲತಾ, ವಿಜಯನಗರ: ಆ್ಯಪ್‌ನಲ್ಲಿ ನರ್ಸ್ ಬುಕ್ ಮಾಡಿ ಮನೇಲೇ ಸೆಫ್ಟ್ರಿಯಾಕ್ಸೋನ್ ಆಂಟಿಬಯಾಟಿಕ್ ಹಾಕಿಸಬಹುದಾ?

ಡಾಕ್ಟರ್: ಮೊದಲ ಡೋಸ್ ಆಸ್ಪತ್ರೆಯಲ್ಲೇ. ಟೆಸ್ಟ್ ಡೋಸ್ ಸರಿಹೋಯಿತು ಅಂದರೆ ಅಪಾಯ ಇಲ್ಲ ಅಂತಲ್ಲ. ಆಮೇಲೆ ಡಾಕ್ಟರ್ ಚೀಟಿ ಇದ್ದು, ನರ್ಸ್ ಹತ್ತಿರ ಅಡ್ರಿನಲಿನ್ ಇದ್ದು, ಚುಚ್ಚಿದ ಮೇಲೆ ಅರ್ಧ ಗಂಟೆ ಕೂರುವುದಾದರೆ ಯೋಚಿಸಬಹುದು. ಪೆನ್ಸಿಲಿನ್ ಒಗ್ಗದವರು ಮೊದಲೇ ಹೇಳಬೇಕು.

ಶಾಂತಾ, ಮಲ್ಲೇಶ್ವರ: ಕ್ಯಾನುಲಾ (ಡ್ರಿಪ್‌ಗೆ ನರದೊಳಗೆ ಹಾಕುವ ಸಣ್ಣ ಕೊಳವೆ) ಹಾಕಿದ ಜಾಗ ಕೆಂಪಾಗಿ ಹಗ್ಗದ ಹಾಗೆ ಗಟ್ಟಿಯಾಗಿದೆ. ಇನ್ನೂ ಎರಡು ಡೋಸ್ ಇದೆ, ಅದರಲ್ಲೇ ಮುಗಿಸಬಹುದಾ?

ಡಾಕ್ಟರ್: ಬೇಡ. ತೆಗೆಸಿ, ಬೇರೆ ಕಡೆ ಹಾಕಿಸಿ. ಜ್ವರ ಇಲ್ಲದೆ, ಊತ ಇಳಿಯುತ್ತಿದ್ದರೆ ಮಾತ್ರೆಗೆ ಬದಲಾಯಿಸಬಹುದಾ ಅಂತಲೂ ಕೇಳಿ. ಡ್ರಿಪ್ ಅಂದರೆ ಜಾಸ್ತಿ ಪವರ್ ಅಂತ ಜನ ತಿಳಿದಿದ್ದಾರೆ. ಎಷ್ಟೋ ಜನಕ್ಕೆ ಮಾತ್ರೆ ಸಾಕು.

ವೆಂಕಟೇಶ್, ಜಯನಗರ: (ಫಾರ್ವರ್ಡ್) ಸುಣ್ಣ, ಅರಿಶಿನ ಕಲಸಿ ಬಿಗಿಯಾಗಿ ಕಟ್ಟಿದರೆ ಮೂರೇ ದಿನದಲ್ಲಿ ಕೀವೆಲ್ಲ ಹೀರುತ್ತದೆ. ಇಂಗ್ಲಿಷ್ ಔಷಧಿ ಕಿಡ್ನಿ ತಿನ್ನುತ್ತದೆ. ಎಲ್ಲರಿಗೂ ತಿಳಿಸಿ.

ಡಾಕ್ಟರ್: ಸುಣ್ಣ ಚರ್ಮ ಸುಡುತ್ತೆ. ಶುಗರ್ ಇರುವವರಿಗೆ ಕಾಲು ಮರಗಟ್ಟಿದ್ದರೆ ಸುಟ್ಟದ್ದೂ ಗೊತ್ತಾಗಲ್ಲ. ಕೀವು ಕಟ್ಟಿದ್ದರೆ ಕೊಯ್ದು ಹೊರಗೆ ಬಿಡಬೇಕು, ಆಂಟಿಬಯಾಟಿಕ್ ಕೂಡ ಒಂದೇ ಸಾಲದು. ಇದನ್ನು ಯಾರಿಗೂ ತಿಳಿಸಬೇಡಿ.

ರೇಖಾ, ಬಸವನಗುಡಿ: ನಮ್ಮತ್ತೆಗೆ ಸರ್ಪಸುತ್ತು ಆದಾಗಲೂ ಹೀಗೇ ಕೆಮ್ಮಣ್ಣು ಬಳಿದು ಕೂರಿಸಿದರು. ಕೊನೆಗೆ ಮೇಲೆ ಇನ್ನೊಂದು ಸೋಂಕು.

ವೆಂಕಟೇಶ್: ಕೆಮ್ಮಣ್ಣಿನಿಂದ ಬಂತು ಅಂತ ಏನು ಗ್ಯಾರಂಟಿ? ನಮ್ಮ ಹಿರಿಯರೆಲ್ಲ ದಡ್ಡರಾ?

ರೇಖಾ: ಹಿರಿಯರನ್ನು ಯಾರು ಬೈದರು ಸ್ವಾಮಿ? ನಿಮ್ಮ ಫಾರ್ವರ್ಡ್ ಬಗ್ಗೆ ಹೇಳಿದ್ದು.

ರಾಘು: ಇಬ್ಬರೂ ಪರ್ಸನಲ್‌ನಲ್ಲಿ ಜಗಳ ಆಡಿ.

ಡಾಕ್ಟರ್: ಸರ್ಪಸುತ್ತು ವೈರಸ್. ಅದಕ್ಕೆ ಆಂಟಿಬಯಾಟಿಕ್ ಡ್ರಿಪ್ಪೂ ಬೇಡ, ಮಣ್ಣೂ ಬೇಡ. ವೈರಸ್ ವಿರುದ್ಧದ ಮಾತ್ರೆ ಇದೆ, 72 ಗಂಟೆಯೊಳಗೆ ಶುರುವಾದರೆ ಒಳ್ಳೆಯದು. ಕಣ್ಣಿನ ಹತ್ತಿರ ಬಂದರೆ ಅದೇ ದಿನ ತೋರಿಸಿ.

ಮಧು, ರಾಜಾಜಿನಗರ: ಡ್ರಿಪ್ ಹಾಕಿಸಿಕೊಳ್ಳುವಾಗ ಮೊಟ್ಟೆ ತಿನ್ನಬಹುದಾ? ಇನ್ಶೂರೆನ್ಸ್ ಬರುತ್ತಾ?

ಕವಿತಾ, ಯಲಹಂಕ: ಮೇಡಂ ಅರ್ಜೆಂಟ್. ತಮ್ಮನಿಗೆ 38. ಮೊನ್ನೆ ಮಳೆ ನೀರು ನಿಂತ ರಸ್ತೆಯಲ್ಲಿ ಗಾಡಿ ತಳ್ಳಿಕೊಂಡು ಬಂದ, ಹಿಮ್ಮಡಿ ಹತ್ತಿರ ಗೀರಿತ್ತು. ಇವತ್ತು ಬೆಳಗ್ಗೆ ನರ್ಸಿಂಗ್ ಹೋಮ್‌ನಲ್ಲಿ ಒಂದು ಡ್ರಿಪ್ ಹಾಕಿ ಕಳಿಸಿದರು. ಸಂಜೆಯಿಂದ ನೋವು ತಡೆಯೋಕಾಗದೆ ಕಿರುಚುತ್ತಿದ್ದಾನೆ. ಕೆಂಪು ಮೊಣಕಾಲಿನ ತನಕ ಬಂತು, ನೀಲಿ ಗುಳ್ಳೆ ಎದ್ದಿವೆ. ಮಾತು ಸ್ವಲ್ಪ ಅಸ್ಪಷ್ಟ. ನಾಳೆ ಎರಡನೇ ಡ್ರಿಪ್ ಇದೆ.

ಡಾಕ್ಟರ್: ನಾಳೆ ಅಲ್ಲ, ಈಗಲೇ ಹೊರಡಿ. 108ಕ್ಕೆ ಫೋನ್ ಮಾಡಿ, ಇಲ್ಲ ಸಿಕ್ಕ ಗಾಡಿ ಹತ್ತಿ. ಸರ್ಜನ್ ಮತ್ತು ಐಸಿಯು ಎರಡೂ ಇರುವ ದೊಡ್ಡ ಆಸ್ಪತ್ರೆಯ ಕ್ಯಾಶುವಾಲ್ಟಿಗೆ ಹೋಗಿ.

ಕವಿತಾ: ಭಾವ ಬೇಡ ಅಂತಿದ್ದಾರೆ. ಮೊದಲ ದಿನ ಕೆಂಪು ಹರಡೋದು ಮಾಮೂಲು, ಔಷಧಿಗೆ ಟೈಮ್ ಕೊಡಬೇಕು ಅಂತ.

ಡಾಕ್ಟರ್: ಅವರು ಹೇಳೋದು ಸಾಮಾನ್ಯ ಸೆಲ್ಯುಲೈಟಿಸ್‌ಗೆ ಸರಿ. ಪೆನ್ನಿನಲ್ಲಿ ಗೆರೆ ಎಳೆದಿಟ್ಟರೆ ಮೊದಲ ಒಂದೆರಡು ದಿನ ಕೆಂಪು ಸ್ವಲ್ಪ ದಾಟಬಹುದು. ಆದರೆ ಆಗ ಮನುಷ್ಯ ಹೀಗೆ ಇರಲ್ಲ. ನೋಡೋಕೆ ಕಾಣುವುದಕ್ಕಿಂತ ನೋವು ಎಷ್ಟೋ ಪಟ್ಟು, ನೀಲಿ ಗುಳ್ಳೆ, ಗಂಟೆಗಂಟೆಗೂ ಹರಡೋದು, ಮಾತು ತೊದಲೋದು. ಇದು ಚರ್ಮದ ಕೆಳಗಿನ ಪದರವನ್ನೇ ಕೊಳೆಸುವ ಸೋಂಕು ಇರಬಹುದು. ಅಲ್ಲಿ ರಕ್ತ ಓಡಾಟ ನಿಂತಿರುತ್ತೆ. ರಕ್ತ ಹೋಗದ ಕಡೆ ಡ್ರಿಪ್‌ನ ಔಷಧಿ ಹೇಗೆ ತಲುಪುತ್ತೆ? ಸತ್ತ ಭಾಗ ಕೊಯ್ದು ತೆಗೆಯಲೇಬೇಕು, ಅದೂ ಗಂಟೆಗಳ ಲೆಕ್ಕದಲ್ಲಿ. ಭಾವನಿಗೆ ಇದನ್ನು ಓದಿ ಹೇಳಿ. ಒಪ್ಪದಿದ್ದರೂ ಹೊರಡಿ.

ವೆಂಕಟೇಶ್: ಹೀಗೆ ಹೆದರಿಸಿಯೇ ಆಸ್ಪತ್ರೆಗಳು ದುಡ್ಡು ಮಾಡೋದು.

ರೇಖಾ: ಒಬ್ಬರ ಜೀವದ ವಿಷಯ ಮಾತಾಡುತ್ತಿದ್ದಾರೆ. ಸ್ವಲ್ಪ ಬಾಯಿ ಮುಚ್ಚುತ್ತೀರಾ?

ವೆಂಕಟೇಶ್: ನೀವ್ಯಾರು ಹೇಳೋಕೆ?

ಡಾಕ್ಟರ್: ವೆಂಕಟೇಶ್ ಅವರೇ, ಸರ್ಕಾರಿ ಆಸ್ಪತ್ರೆಗೇ ಹೋಗಲಿ, ನನಗೇನು ಬರಬೇಕಾಗಿಲ್ಲ. ಅಡ್ಮಿನ್, ಇವರನ್ನು ಸ್ವಲ್ಪ ಹೊತ್ತು ಮ್ಯೂಟ್ ಮಾಡಿ.

ಗಿರೀಶ್, ಹೆಬ್ಬಾಳ: ಮನೇಲೇ ಡ್ರಿಪ್ ಹಾಕಿಸಬಹುದಾ ಮೇಡಂ?

ಡಾಕ್ಟರ್: ಮೇಲೆ ಓದಿ.

ಕವಿತಾ: ಪಕ್ಕದ ಮನೆಯವರ ಕಾರು ಸಿಕ್ಕಿತು. ಏನೇನು ತಗೊಂಡು ಹೋಗಲಿ?

ಡಾಕ್ಟರ್: ಬೆಳಗಿನ ಚೀಟಿ, ಬಿಲ್. ಹಾಕಿದ ಔಷಧಿ ಹೆಸರು, ಹಾಕಿದ ಟೈಮ್. ಊಟ ನೀರು ಏನೂ ಕೊಡಬೇಡಿ, ಆಪರೇಷನ್ ಬೇಕಾಗಬಹುದು. ಕ್ಯೂನಲ್ಲಿ ಕೂರಿಸಿದರೆ 'ಗುಳ್ಳೆ ನೀಲಿಯಾಗಿದೆ, ಮಾತು ತೊದಲುತ್ತಿದೆ' ಅಂತ ಜೋರಾಗಿ ಹೇಳಿ. ಶುಗರ್ ಚೆಕ್ ಮಾಡಿ ಅನ್ನಿ.

ಅಡ್ಮಿನ್: ಕಮೆಂಟ್ ಸದ್ಯಕ್ಕೆ ಬಂದ್ ಮಾಡಿದ್ದೇನೆ. ಕವಿತಾ ಅವರು ಮಾತ್ರ ನನಗೆ ನೇರವಾಗಿ ಮೆಸೇಜ್ ಮಾಡಿ.