ಗ್ರಾಫ್ ಏರುತ್ತಿದೆ, ಮಗ ಕೈ ಕಚ್ಚಿಕೊಳ್ಳುವುದು ನಿಂತಿಲ್ಲ: ಎಬಿಎ ಸಂಶೋಧನೆಯಿಂದ ನಮಗೇನು ಪ್ರಯೋಜನ?

ಪ್ರಶ್ನೆ – ಪೋಷಕ, ಅಂಕೋಲಾ

ನಮ್ಮ ಏಳು ವರ್ಷದ ಮಗನಿಗೆ ಆಟಿಸಂ ಇದೆ. ವರ್ತನೆಯ ಹಿಂದುಮುಂದು ಏನಾಗುತ್ತದೆಂದು ಗಮನಿಸಿ ಅದನ್ನು ಬದಲಿಸುವ ಅನ್ವಯಿಕ ವರ್ತನಾ ವಿಶ್ಲೇಷಣೆ, ಅಂದರೆ ಎಬಿಎ ಪದ್ಧತಿಯಲ್ಲಿ ತರಬೇತಿ ಕೊಡುವ ಒಂದು ಕೇಂದ್ರಕ್ಕೆ ಅವನನ್ನು ಕೆಲವು ತಿಂಗಳಿಂದ ಕರೆದೊಯ್ಯುತ್ತಿದ್ದೇವೆ. ಅಲ್ಲಿ ಕುರ್ಚಿಯ ಮೇಲೆ ಕುಳಿತು ಬಣ್ಣದ ಬಿಲ್ಲೆಗಳನ್ನು ವಿಂಗಡಿಸುತ್ತಾನೆ, 'ನನ್ನನ್ನು ನೋಡು' ಎಂದರೆ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾನೆ. ಅವರು ತೋರಿಸುವ ಗ್ರಾಫ್ ಕೂಡ ಏರುತ್ತಲೇ ಇದೆ. ಆದರೆ ಬಸ್ ನಿಲ್ದಾಣಕ್ಕೋ ಮೀನು ಪೇಟೆಗೋ ಕಾಲಿಟ್ಟ ಕೂಡಲೇ ಕಿರುಚಿ, ಹಲ್ಲಿನ ಗುರುತು ಮೂಡುವಷ್ಟು ಗಟ್ಟಿಯಾಗಿ ಮುಂಗೈ ಕಚ್ಚಿಕೊಳ್ಳುತ್ತಾನೆ. 'ಲಕ್ಷ್ಯ ಕೊಡಬೇಡಿ, ತಾನಾಗಿ ನಿಲ್ಲುತ್ತದೆ' ಎಂಬುದು ಕೇಂದ್ರದವರ ಸಲಹೆ. ಅರ್ಧ ಶತಮಾನಕ್ಕೂ ಮಿಕ್ಕಿ ನಡೆದ ಈ ಸಂಶೋಧನೆಯಿಂದ ನಮ್ಮಂಥವರ ನಿತ್ಯದ ಬದುಕಿಗೆ ನಿಜವಾಗಿ ಏನಾದರೂ ಉಪಯೋಗವಿದೆಯೇ?

ಉತ್ತರ – ವಿಶೇಷ ಶಿಕ್ಷಕಿ, ಶಿರಸಿ

ಮಗು ಯಾತಕ್ಕಾಗಿ ಕಚ್ಚಿಕೊಳ್ಳುತ್ತದೆ ಎಂದು ಪತ್ತೆಹಚ್ಚದೆ 'ಲಕ್ಷ್ಯ ಕೊಡಬೇಡಿ' ಎಂದಿದ್ದರೆ ಅದು ಎಬಿಎ ಅಲ್ಲ, ಬರೀ ಊಹೆ. ಬ್ರಯಾನ್ ಇವಾಟಾ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮನ್ನು ತಾವೇ ಗಾಯಪಡಿಸಿಕೊಳ್ಳುವವರನ್ನು ಬೇರೆಬೇರೆ ಸನ್ನಿವೇಶಗಳಲ್ಲಿ ಗಮನಿಸಲಾಯಿತು. ನೋಡಲು ಒಂದೇ ಬಗೆಯ ವರ್ತನೆಗೆ ಒಬ್ಬರಲ್ಲಿ ದೊಡ್ಡವರ ಗಮನ ಕಾರಣವಾಗಿದ್ದರೆ, ಇನ್ನೊಬ್ಬರಲ್ಲಿ ಬೇಡದ ಕೆಲಸದಿಂದ ಪಾರಾಗುವುದು ಕಾರಣವಾಗಿರಬಹುದು. ಮತ್ತೊಬ್ಬರು ಒಂಟಿಯಾಗಿದ್ದಾಗಲೇ ಹೆಚ್ಚು ಹಾಗೆ ಮಾಡಬಹುದು. ನಿಮ್ಮ ಮಗ ಗದ್ದಲದಿಂದ ತಪ್ಪಿಸಿಕೊಳ್ಳಲು ಕಚ್ಚಿಕೊಳ್ಳುತ್ತಿದ್ದರೆ ನೀವು ಲಕ್ಷ್ಯ ಕೊಟ್ಟರೂ ಬಿಟ್ಟರೂ ಅವನಿಗೆ ವ್ಯತ್ಯಾಸವಾಗದು. ಗಮನಕ್ಕಾಗಿಯೇ ಆಗಿದ್ದರೂ, ಲಕ್ಷ್ಯ ಕೊಡುವುದನ್ನು ನಿಲ್ಲಿಸಿದ ಆರಂಭದಲ್ಲಿ ಆ ವರ್ತನೆ ಇನ್ನಷ್ಟು ಜೋರಾಗುವ ಸಂಭವವಿದೆ. ಗಾಯವಾಗುವ ವರ್ತನೆಯಲ್ಲಿ ಇದು ಅಪಾಯದ ದಾರಿ.

ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ 1985ರಲ್ಲಿ ತೋರಿಸಿದ್ದು, ಅದೇ ಉದ್ದೇಶವನ್ನು ಮಾತಿನಿಂದ ಈಡೇರಿಸಿಕೊಳ್ಳಲು ಕಲಿಸಿದರೆ ತೊಂದರೆಯ ವರ್ತನೆ ಇಳಿಯುತ್ತದೆ ಎಂಬುದನ್ನು. ನಮ್ಮ ಶಾಲೆಯಲ್ಲಿ ಒಬ್ಬಳು ಹುಡುಗಿ ಊಟದ ಹೊತ್ತಿಗೆ ತಟ್ಟೆ ಎಸೆಯುತ್ತಿದ್ದಳು. ಎಸೆಯುವ ಮೊದಲು ಏನಾಯಿತು, ಎಸೆದ ಮೇಲೆ ಏನಾಯಿತು ಎಂದು ದಿನವೂ ಬರೆದಿಟ್ಟಾಗ ತಿಳಿದದ್ದೇನೆಂದರೆ, ಸೌಟು ಹಂಡೆಗೆ ತಾಗಿ ಸದ್ದು ಮಾಡುವ ಜಾಗದ ಹತ್ತಿರ ಕೂರಿಸಿದ ದಿನಗಳಲ್ಲಷ್ಟೇ ಹೀಗಾಗುತ್ತಿತ್ತು, ಎಸೆದೊಡನೆ ನಾವೇ ಅವಳನ್ನು ಹೊರಗೆ ಕರೆದೊಯ್ಯುತ್ತಿದ್ದೆವು. ಜಗಲಿಯ ಚಿತ್ರವಿದ್ದ ಚೀಟಿಯೊಂದನ್ನು ಅವಳ ಕೈಗೆ ಕೊಟ್ಟು, ಅದನ್ನು ತೋರಿಸಿದರೆ ಹೊರಗೆ ಹೋಗಬಹುದೆಂದು ಕಲಿಸಿದೆವು. ಕೂರುವ ಜಾಗವನ್ನೂ ಬದಲಿಸಿದೆವೆನ್ನಿ. ಅದನ್ನು ಮೊದಲೇ ಮಾಡಬಹುದಿತ್ತು.

ಉತ್ತರ – ಮನಶ್ಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ, ಕಾರವಾರ

ಶಿಕ್ಷಕಿಯವರ ಮಾತಿಗೆ ಇನ್ನೊಂದು ಸೇರಿಸಬೇಕು: ಆ ಗ್ರಾಫ್ ಯಾವುದನ್ನು ಅಳೆಯುತ್ತಿದೆ, ಅದನ್ನು ಅಳೆಯಬೇಕೆಂದು ನಿರ್ಧರಿಸಿದವರು ಯಾರು? 1968ರಲ್ಲಿ ಈ ಕ್ಷೇತ್ರದ ಪತ್ರಿಕೆಯ ಮೊದಲ ಸಂಚಿಕೆಯಲ್ಲೇ ಬೇರ್, ವುಲ್ಫ್ ಮತ್ತು ರಿಸ್ಲಿ, ಆರಿಸಿಕೊಂಡ ವರ್ತನೆ ಸಮಾಜಕ್ಕೆ ಮಹತ್ವದ್ದಾಗಿರಬೇಕು, ಕಲಿತದ್ದು ಬೇರೆ ಸ್ಥಳಗಳಿಗೂ ಹರಡಿ ಕಾಲಾಂತರದಲ್ಲೂ ಉಳಿಯಬೇಕು ಎಂದು ಬರೆದಿದ್ದರು. ಕೇಂದ್ರದ ಕುರ್ಚಿಯಲ್ಲಿ ಬಂದದ್ದು ಬಸ್ ನಿಲ್ದಾಣದಲ್ಲಿ ಬಾರದಿದ್ದರೆ ಅವರ ಅಳತೆಗೋಲಿನಲ್ಲೇ ಕೆಲಸ ಅರ್ಧಕ್ಕೆ ನಿಂತಿದೆ. ಇದೇ ಮೊಂಟ್ರೋಸ್ ವುಲ್ಫ್ 1978ರಲ್ಲಿ 'ಸಾಮಾಜಿಕ ಸಿಂಧುತ್ವ'ದ ವಿಚಾರವನ್ನು ಮುಂದಿಟ್ಟು, ಗುರಿ ಬೇಕಾದದ್ದೇ, ವಿಧಾನ ಒಪ್ಪುವಂಥದ್ದೇ, ಫಲಿತಾಂಶ ತೃಪ್ತಿಕರವೇ ಎಂಬುದನ್ನು ಅದರ ಪರಿಣಾಮಕ್ಕೆ ಒಳಗಾಗುವವರನ್ನೇ ಕೇಳಬೇಕೆಂದರು. ಕಣ್ಣಲ್ಲಿ ಕಣ್ಣಿಟ್ಟು ನೋಡುವಂತೆ ಒತ್ತಾಯಿಸಿದ್ದು ಹಿಂಸೆಯಾಗಿತ್ತೆಂದು ಆಟಿಸಂ ಇರುವ ಅನೇಕ ವಯಸ್ಕರು ಹೇಳುತ್ತಾರೆ. ಆ ಗುರಿ ನಿಮ್ಮ ಮಗನಿಗೆ ಬೇಕೇ ಎಂದು ಕೇಳುವ ಹಕ್ಕು ನಿಮಗಿದೆ.

ಆಟಿಸಂ ಇರುವ ಚಿಕ್ಕ ಮಕ್ಕಳಿಗೆ ಎಬಿಎ ತರಬೇತಿ ಕೊಟ್ಟು ನೋಡಿದ ಮನಶ್ಶಾಸ್ತ್ರಜ್ಞ ಲೋವಾಸ್ ಅವರ 1987ರ ಅಧ್ಯಯನವನ್ನು ಯಾರಾದರೂ ಉದಾಹರಿಸಿದರೆ ಪೂರ್ತಿ ಹೇಳುವಂತೆ ಕೇಳಿ. ವಾರಕ್ಕೆ 40 ಗಂಟೆಗಳ ತರಬೇತಿ ಪಡೆದ 19 ಮಕ್ಕಳಲ್ಲಿ 9 ಮಂದಿ ಸಾಮಾನ್ಯ ಶಾಲೆಯಲ್ಲಿ ಒಂದನೆಯ ತರಗತಿ ಮುಗಿಸಿದರು, ನಿಜ. ಆದರೆ ಮಕ್ಕಳನ್ನು ಗುಂಪುಗಳಿಗೆ ಹಂಚಿದ್ದು ಯಾದೃಚ್ಛಿಕವಾಗಿ ಅಲ್ಲ, ಗದರುವುದೂ ತೊಡೆಗೆ ಹೊಡೆಯುವುದೂ ಆ ವಿಧಾನದ ಭಾಗವಾಗಿದ್ದವು. ನಮ್ಮ ಜಿಲ್ಲೆಯಲ್ಲಿ ವಾರಕ್ಕೆ ಎರಡು ಗಂಟೆ ಸಿಕ್ಕರೆ ಪುಣ್ಯ. ಆ ಅಂಕಿಯನ್ನು ಇಲ್ಲಿ ಹಿಡಿದು ಆಸೆ ಹುಟ್ಟಿಸುವುದು ನ್ಯಾಯವಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಕಣ್ಣು ನೋಡುವ ಪಾಠದ ಬದಲು 'ಹೊರಗೆ ಹೋಗೋಣ' ಎಂದು ತಿಳಿಸುವುದನ್ನು ಕಲಿಸಿ ಎಂದು ಕೇಂದ್ರದವರನ್ನು ಕೇಳುತ್ತೇನೆ. ಮೊದಲು–ನಂತರ ಬರೆದಿಡುವುದರಲ್ಲಿ ಒಂದು ತೊಡಕಿದೆ: ಹಗಲಿಡೀ ಅವನ ಜೊತೆಗಿರುವುದು ನಮ್ಮ ಅಮ್ಮ, ಅವರಿಗೆ ಬರೆಯಲು ಬಾರದು.

ಉತ್ತರ – ವಿಶೇಷ ಶಿಕ್ಷಕಿ, ಶಿರಸಿ

ಬರೆಯಬೇಕೆಂದಿಲ್ಲ. ಎರಡು ಡಬ್ಬಿ ಇಡಿ; ಗದ್ದಲವಿದ್ದಾಗ ಕಚ್ಚಿಕೊಂಡರೆ ಒಂದಕ್ಕೆ, ಗದ್ದಲವಿಲ್ಲದಾಗ ಕಚ್ಚಿಕೊಂಡರೆ ಇನ್ನೊಂದಕ್ಕೆ ಅಮ್ಮ ಒಂದೊಂದು ಅಡಿಕೆ ಹಾಕಲಿ. ಸಂಜೆ ನೀವು ಎಣಿಸಿ, ಪ್ರತಿ ಸಲವೂ ಅವರು ಏನು ಮಾಡಿದರೆಂದು ಕೇಳಿ ಬರೆದುಕೊಳ್ಳಿ. ಎತ್ತಿಕೊಂಡರೋ, ತಿಂಡಿ ಕೊಟ್ಟರೋ, ಒಳಗೆ ಕರೆದೊಯ್ದರೋ ಎಂಬುದನ್ನು ಬಿಡಬೇಡಿ. ಕೇಂದ್ರಕ್ಕೆ ಹೋಗುವಾಗ ಆ ಪುಸ್ತಕವನ್ನೂ ಒಯ್ಯಿರಿ.